ಇಪ್ಪತ್ತು ತಿಂಗಳ ಮಗುವನ್ನು ಮ್ಯೂನಿಕ್‌ಗೆ ಜೊತೆಯಲ್ಲೇ ಕರೆದೊಯ್ಯುವುದೋ, ಆರು ತಿಂಗಳು ಅಜ್ಜಿಯ ಬಳಿ ಬಿಡುವುದೋ?

ಪ್ರಶ್ನೆ: ಜಯನಗರದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ, ವಾಹನಗಳಿಗೆ ಸಾಫ್ಟ್‌ವೇರ್ ಸಿದ್ಧಪಡಿಸುವ ತಂಡದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬರುವ ಏಪ್ರಿಲ್‌ನಿಂದ ಎರಡು ವರ್ಷಗಳ ಅವಧಿಗೆ ನನ್ನನ್ನು ಜರ್ಮನಿಯ ಮ್ಯೂನಿಕ್ ಕಚೇರಿಗೆ ಕಳುಹಿಸುವುದೆಂದು ತೀರ್ಮಾನವಾಗಿದೆ. ಅಲ್ಲಿ ಸೇರಿದ ಮೇಲೆ ತಿಂಗಳಿಗೆ ಎರಡು ಬಾರಿ, ಪ್ರತಿ ಬಾರಿಯೂ ಮೂರು ರಾತ್ರಿ, ವಿಯೆನ್ನಾ ಅಥವಾ ಜ್ಯೂರಿಕ್‌ನಲ್ಲಿರುವ ಗ್ರಾಹಕರ ಬಳಿ ಹೋಗಿ ಉಳಿಯಬೇಕಾಗುತ್ತದೆ. ನಮ್ಮ ಯಜಮಾನರು ಇಲ್ಲಿನ ಕೆಲಸ ಬಿಟ್ಟು ನನ್ನೊಂದಿಗೆ ಬರಲು ಒಪ್ಪಿದ್ದಾರೆ, ಆದರೆ ಅಲ್ಲಿ ಆದಷ್ಟು ಬೇಗ ಕೆಲಸಕ್ಕೆ ಸೇರಬೇಕೆಂಬ ಆಸೆ ಅವರಿಗೂ ಇದೆ.

ನಮ್ಮ ಮಗನಿಗೆ ಈಗ ಇಪ್ಪತ್ತು ತಿಂಗಳು. ಹುಟ್ಟಿದಾಗಿನಿಂದ ನಮ್ಮ ಅತ್ತೆ ಮಾವನವರ ಕೈಯಲ್ಲೇ ಬೆಳೆದಿದ್ದಾನೆ. ನಾನು ಆಫೀಸಿಗೆ ಹೊರಟಾಗ ಅಳದೆ ಕೈ ಬೀಸುತ್ತಾನೆಂದರೆ ಅದಕ್ಕೆ ಕಾರಣ ಅಜ್ಜಿ ಹಿಂದೆ ನಿಂತಿರುವುದು. ಅತ್ತೆಯವರು, "ಮೊದಲ ಆರು ತಿಂಗಳು ನೀವಿಬ್ಬರೂ ಹೋಗಿ ಮನೆ ಮಾಡಿ, ಕೆಲಸದಲ್ಲಿ ನೆಲೆಯಾಗಿ, ಮಗು ನಮ್ಮ ಹತ್ತಿರ ಸುಖವಾಗಿ ಇರುತ್ತದೆ, ಆಮೇಲೆ ಬಂದು ಕರೆದುಕೊಂಡು ಹೋಗಿ" ಎಂದು ಹೇಳುತ್ತಿದ್ದಾರೆ. ಅವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಮತ್ತು ನನ್ನ ಪ್ರಯಾಣಗಳನ್ನು ನೆನೆದಾಗ ಅದೇ ಸರಿಯೇನೋ ಎಂದು ನನಗೂ ಅನ್ನಿಸುತ್ತದೆ. ರಾತ್ರಿ ಮಗು ಪಕ್ಕದಲ್ಲಿ ಮಲಗಿದಾಗ ಮಾತ್ರ ಮನಸ್ಸು ಒಪ್ಪುವುದಿಲ್ಲ. ಇದೇ ಪರಿಸ್ಥಿತಿಯನ್ನು ದಾಟಿದವರು ತಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಮಲ್ಲೇಶ್ವರದಿಂದ, ನಾಲ್ಕು ವರ್ಷ ಮ್ಯೂನಿಕ್‌ನಲ್ಲಿದ್ದವರು

ನಿಮ್ಮ ಅತ್ತೆಯವರು ಹೇಳಿದ ಮಾತನ್ನೇ ನಮ್ಮ ತಾಯಿಯವರೂ ಹೇಳಿದ್ದರು, ಮತ್ತು ನಾವು ಅದರಂತೆಯೇ ನಡೆದೆವು. ಇಪ್ಪತ್ತೆರಡು ತಿಂಗಳ ಮಗಳನ್ನು ಮಲ್ಲೇಶ್ವರದ ಮನೆಯಲ್ಲಿ ಬಿಟ್ಟು ಹೊರಟವರು ಮರಳಿ ಬಂದದ್ದು ಐದು ತಿಂಗಳ ನಂತರ. ನಾನು ಬಾಗಿಲಲ್ಲಿ ನಿಂತು ಕೈ ಚಾಚಿದಾಗ ಮಗಳು ನಮ್ಮಮ್ಮನ ಸೆರಗು ಹಿಡಿದು ಹಿಂದೆ ಸರಿದಳು. ದಿನವೂ ವಿಡಿಯೊ ಕರೆಯಲ್ಲಿ ನೋಡುತ್ತಿದ್ದ ಮುಖವೇ ಆದರೂ ಫೋನಿನೊಳಗಿನ ಅಮ್ಮನೂ ಎದುರಿಗೆ ನಿಂತ ಅಮ್ಮನೂ ಒಬ್ಬಳೇ ಎಂಬುದು ಆ ವಯಸ್ಸಿಗೆ ತಿಳಿಯುವುದಿಲ್ಲ. ಆ ನೋವನ್ನು ನಾನು ಹೇಗೋ ಸಹಿಸಿಕೊಂಡೆ. ಆದರೆ ಮುಂದೆ ನಡೆದದ್ದನ್ನು ಮಾತ್ರ ನಾವು ಯಾರೂ ಮೊದಲೇ ಯೋಚಿಸಿರಲಿಲ್ಲ. ಮ್ಯೂನಿಕ್‌ಗೆ ಕರೆತಂದ ಮೇಲೆ ಅವಳು ಬೆಳಿಗ್ಗೆ ಎದ್ದವಳೇ ಪುಟ್ಟ ಚಪ್ಪಲಿಗಳನ್ನು ಎತ್ತಿಕೊಂಡು ಬಾಗಿಲ ಬಳಿ ಕುಳಿತು "ಅಜ್ಜಿ ಮನೆ" ಎನ್ನುತ್ತಿದ್ದಳು. ಮೊದಲು ನಮ್ಮನ್ನು ಕಳೆದುಕೊಂಡ ಮಗು ಎರಡನೆಯ ಬಾರಿ ಅಜ್ಜಿಯನ್ನು ಕಳೆದುಕೊಂಡಿತು. ಜೊತೆಯಲ್ಲೇ ಕರೆದೊಯ್ದಿದ್ದರೆ ಅವಳು ಒಂದೇ ಅಗಲಿಕೆಯನ್ನು, ಅದೂ ತಂದೆ ತಾಯಿಯ ತೋಳಿನಲ್ಲಿ ಇದ್ದುಕೊಂಡು, ಎದುರಿಸುತ್ತಿದ್ದಳು. ಆದುದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ: ಮಗನನ್ನು ಕರೆದುಕೊಂಡೇ ಹೋಗಿ, ಮುಂದಕ್ಕೆ ಹಾಕಬೇಕಾದದ್ದು ನಿಮ್ಮ ಪ್ರಯಾಣಗಳನ್ನು.

ಇದು ಭಾವನೆಯ ಮಾತಷ್ಟೇ ಅಲ್ಲ, ಅಲ್ಲಿನ ವ್ಯವಸ್ಥೆಯೂ ಹೀಗೆಯೇ ಇದೆ. ಜರ್ಮನಿಯಲ್ಲಿ 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ, ಅಂದರೆ ಅಲ್ಲಿನವರು 'ಕಿಟಾ' ಎನ್ನುವ ಜಾಗದಲ್ಲಿ, ಸ್ಥಾನ ಪಡೆಯುವ ಕಾನೂನುಬದ್ಧ ಹಕ್ಕಿದೆ. ಹಕ್ಕು ಇದ್ದರೂ ಮ್ಯೂನಿಕ್‌ನಲ್ಲಿ ಸ್ಥಾನಗಳಿಗೆ ಪೈಪೋಟಿ ಹೆಚ್ಚು, ಮತ್ತು ಕಿಟಾದ ಹೊಸ ವರ್ಷ ಆರಂಭವಾಗುವುದು ಸೆಪ್ಟೆಂಬರ್‌ನಲ್ಲಿ. ಏಪ್ರಿಲ್‌ನಲ್ಲಿ ಇಳಿದ ನಿಮಗೆ ನಡುವೆಯೇ ಸ್ಥಾನ ಸಿಕ್ಕರೆ ಅದು ಅದೃಷ್ಟ, ಸಿಗದು ಎಂದುಕೊಂಡೇ ಲೆಕ್ಕ ಹಾಕಿ. ನಗರಪಾಲಿಕೆಯ 'ಕಿಟಾ ಫೈಂಡರ್' ಜಾಲತಾಣದಲ್ಲಿ ಅರ್ಜಿ ಹಾಕುವುದರ ಜೊತೆಗೆ ತಮ್ಮ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ ಪರವಾನಗಿ ಪಡೆದ ಮಹಿಳೆಯರ ಬಳಿಯೂ ವಿಚಾರಿಸಿ. ಇಂಥವರನ್ನು ಅಲ್ಲಿ 'ಟಾಗೆಸ್‌ಮುಟ್ಟರ್' ಎನ್ನುತ್ತಾರೆ.

ಸ್ಥಾನ ಸಿಕ್ಕ ದಿನವೇ ಮಗುವನ್ನು ಬಿಟ್ಟು ಆಫೀಸಿಗೆ ಹೋಗಬಹುದು ಎಂದು ಮಾತ್ರ ಎಣಿಸಬೇಡಿ. ಬೆಂಗಳೂರಿನ ಪ್ಲೇ ಹೋಮ್‌ಗಳಲ್ಲಿ ನಾವು ಕಂಡಂತೆ, ಅಳುವ ಮಗುವನ್ನು ಬಾಗಿಲಲ್ಲಿ ಒಪ್ಪಿಸಿ ಬರುವ ಕ್ರಮ ಅಲ್ಲಿಲ್ಲ. 'ಐನ್‌ಗೆವೋನುಂಗ್', ಅಂದರೆ ಒಗ್ಗಿಸುವ ಅವಧಿ, ಎಂಬ ಪದ್ಧತಿ ಇದೆ. ಮೊದಲ ಕೆಲವು ದಿನ ತಂದೆ ಅಥವಾ ತಾಯಿ ಮಗುವಿನೊಂದಿಗೆ ಅದೇ ಕೋಣೆಯಲ್ಲಿ ಸುಮ್ಮನೆ ಕುಳಿತಿರಬೇಕು. ಆಮೇಲೆ ಒಂದು ದಿನ ಹತ್ತು ನಿಮಿಷ ಹೊರಗೆ ಹೋಗಿ ಬರುತ್ತಾರೆ, ಮಗು ಶಿಕ್ಷಕಿಯಿಂದ ಸಮಾಧಾನ ಪಡೆದರೆ ಮರುದಿನ ಅರ್ಧ ಗಂಟೆ, ಹೀಗೆ ಮಗುವಿನ ಸ್ವಭಾವಕ್ಕೆ ತಕ್ಕಂತೆ ಎರಡು ವಾರದಿಂದ ಒಂದು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಈ ಅವಧಿಯಲ್ಲಿ ಜೊತೆಗಿರುವವರು ಬದಲಾಗದಿದ್ದರೆ ಒಳ್ಳೆಯದು. ಹಾಗಾಗಿ ನಿಮ್ಮ ಯಜಮಾನರು ಅಕ್ಟೋಬರ್‌ಗೆ ಮೊದಲು ಕೆಲಸಕ್ಕೆ ಸೇರುವ ಯೋಚನೆಯನ್ನು ಬಿಡಬೇಕು, ನೀವು ಮೊದಲ ಮೂರು ತಿಂಗಳು ಮತ್ತು ಕಿಟಾ ಆರಂಭವಾಗುವ ತಿಂಗಳು ರಾತ್ರಿ ಹೊರಗೆ ತಂಗುವ ಪ್ರಯಾಣ ಇಲ್ಲವೆಂದು ಹೊರಡುವ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಅಲ್ಲಿಗೆ ಹೋದ ಮೇಲೆ ಕೇಳಿದರೆ ಕೊಡುವುದು ಅವರಿಗೂ ಕಷ್ಟ, ಕೇಳುವುದು ನಿಮಗೂ ಕಷ್ಟ.

ಇನ್ನೆರಡು ವಿಷಯ. ಕಿಟಾಕ್ಕೆ ಸೇರಿಸಲು ದಡಾರದ ಲಸಿಕೆ ಹಾಕಿಸಿರುವ ದಾಖಲೆ 2020ರ ಮಾರ್ಚ್‌ನಿಂದ ಕಡ್ಡಾಯ, ಎರಡು ವರ್ಷ ತುಂಬಿದ ಮಕ್ಕಳಿಗೆ ಎರಡು ಡೋಸ್ ಆಗಿರಬೇಕು. ಇಲ್ಲಿನ ಮಕ್ಕಳ ವೈದ್ಯರಿಂದ ಲಸಿಕೆಯ ಹೆಸರು, ದಿನಾಂಕ, ಸಹಿ, ಮೊಹರು ಎಲ್ಲವೂ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿರುವಂತೆ ಬರೆಸಿಕೊಳ್ಳಿ. ಎರಡನೆಯದಾಗಿ, ನಿಮ್ಮನ್ನು ಕಳುಹಿಸುವುದು ಭಾರತದ ಒಪ್ಪಂದದ ಮೇಲೋ ಜರ್ಮನಿಯ ಒಪ್ಪಂದದ ಮೇಲೋ ಎಂದು ಕೇಳಿ. ಜರ್ಮನಿಯ ಒಪ್ಪಂದವಾಗಿ ನೀವು ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆಗೆ ಸೇರಿದರೆ, ಸಂಪಾದನೆ ಇಲ್ಲದ ಪತಿಗೂ ಮಗುವಿಗೂ ಬೇರೆ ಕಂತು ಇಲ್ಲದೆ ರಕ್ಷಣೆ ದೊರೆಯುತ್ತದೆ. ಅಷ್ಟೇ ಅಲ್ಲ, ಮಗುವಿಗೆ ಹುಷಾರಿಲ್ಲದಾಗ ಮನೆಯಲ್ಲಿರಲು ವಿಮೆಯಲ್ಲಿರುವ ತಂದೆ ತಾಯಿಗಳಿಗೆ 2024ರಿಂದ ವರ್ಷಕ್ಕೆ ತಲಾ 15 ದಿನ ಸಿಗುತ್ತಿದ್ದು, ಆ ದಿನಗಳಿಗೆ ವಿಮೆಯವರೇ ಸಂಬಳದ ಬಹುಭಾಗವನ್ನು ಭರಿಸುತ್ತಾರೆ. ಕಿಟಾ ಸೇರಿದ ಮೊದಲ ಚಳಿಗಾಲದಲ್ಲಿ ಮಗುವಿಗೆ ನೆಗಡಿ ಜ್ವರ ಒಂದರ ಹಿಂದೊಂದು ಬರುವುದರಿಂದ ಈ ದಿನಗಳೆಲ್ಲವೂ ಬೇಕಾಗುತ್ತವೆ.

ಉತ್ತರ 2: ವೈಟ್‌ಫೀಲ್ಡ್‌ನಿಂದ, ಕೆಲಸಕ್ಕಾಗಿ ಸದಾ ಓಡಾಡುವ ಒಬ್ಬ ತಂದೆ

ಮೇಲಿನವರು ಮನೆಯ ಬಗ್ಗೆ ಹೇಳಿದ್ದಾರೆ, ನಾನು ದಾರಿಯ ಬಗ್ಗೆ ಹೇಳುತ್ತೇನೆ. ಬೆಂಗಳೂರಿನಿಂದ ಮ್ಯೂನಿಕ್‌ಗೆ ಲುಫ್ತಾನ್ಸಾ 2023ರ ನವೆಂಬರ್‌ನಲ್ಲಿ ನೇರ ವಿಮಾನ ಆರಂಭಿಸಿತು. ಪುಟ್ಟ ಮಗುವಿದ್ದಾಗ ನಡುವೆ ಇಳಿದು ಹತ್ತುವ ತಾಪತ್ರಯ ಇಲ್ಲದಿರುವುದೇ ದೊಡ್ಡ ಅನುಕೂಲ. ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೆಯ ಒಂದು ಭಾಗದಷ್ಟೇ ಹಣ ತೆಗೆದುಕೊಳ್ಳುತ್ತಾರೆ. ಆದರೆ ನಿಮ್ಮ ಮಗ ಹೊರಡುವ ಹೊತ್ತಿಗೆ ವಿಮಾನದ ತೊಟ್ಟಿಲಿನ ಅಳತೆಯನ್ನು ಮೀರಿರುತ್ತಾನೆ. ಸುಮಾರು ಹತ್ತು ಗಂಟೆ ತೊಡೆಯ ಮೇಲೇ ಕೂರಿಸಿಕೊಳ್ಳುವ ಬದಲು ಸಾಧ್ಯವಾದರೆ ಒಂದು ಸೀಟನ್ನೇ ಕೊಳ್ಳಿ. ಏಪ್ರಿಲ್‌ನಲ್ಲಿ ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆಯ ವ್ಯತ್ಯಾಸ. ಇಲ್ಲಿ ಬೆಳಿಗ್ಗೆ ಆರೂವರೆಗೆ ಏಳುವ ಮಗು ಅಲ್ಲಿ ಮೊದಲ ಕೆಲವು ದಿನ ರಾತ್ರಿ ಮೂರಕ್ಕೇ ಎದ್ದು ಆಟಕ್ಕೆ ಕರೆಯುತ್ತದೆ. ಹೋದ ಮರುದಿನವೇ ಆಫೀಸಿಗೆ ಹಾಜರಾಗುತ್ತೇನೆಂದು ಒಪ್ಪಿಕೊಳ್ಳಬೇಡಿ.

ನಿಮ್ಮ ಗ್ರಾಹಕರು ವಿಯೆನ್ನಾ ಮತ್ತು ಜ್ಯೂರಿಕ್‌ನಲ್ಲಿರುವುದು ಒಳ್ಳೆಯದೇ ಆಯಿತು. ಮ್ಯೂನಿಕ್‌ನಿಂದ ಎರಡಕ್ಕೂ ನೇರ ರೈಲುಗಳಿದ್ದು, ಎರಡೂ ಊರು ಸುಮಾರು ನಾಲ್ಕು ಗಂಟೆಯೊಳಗಿನ ದಾರಿ. ಜರ್ಮನಿ ಮತ್ತು ಆಸ್ಟ್ರಿಯಾದ ರೈಲುಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಯಜಮಾನರು ಕೆಲಸಕ್ಕೆ ಸೇರುವವರೆಗಿನ ತಿಂಗಳುಗಳಲ್ಲಿ ತೀರಾ ಅನಿವಾರ್ಯವಾದ ಪ್ರಯಾಣ ಬಂದರೆ ಮೂವರೂ ಒಟ್ಟಿಗೇ ಹೋಗಿ ಬನ್ನಿ. ನಾವು ಫ್ರಾಂಕ್‌ಫರ್ಟ್‌ನಲ್ಲಿದ್ದಾಗ ಹಾಗೆ ಮಾಡುತ್ತಿದ್ದೆವು. ಹಗಲೆಲ್ಲ ನಾನು ಗ್ರಾಹಕರ ಕಚೇರಿಯಲ್ಲಿ, ಹೆಂಡತಿ ಮಗು ಯಾವುದೋ ಉದ್ಯಾನದಲ್ಲಿ, ರಾತ್ರಿ ಊಟ ಮತ್ತು ನಿದ್ದೆ ಮಾತ್ರ ಒಟ್ಟಿಗೆ. ಮಗುವಿಗೆ ಬೇಕಾಗಿದ್ದದ್ದೂ ಅಷ್ಟೇ.

ಒಂಟಿಯಾಗಿ ಹೋಗಬೇಕಾದಾಗ ಮಗು ನಿದ್ದೆಯಲ್ಲಿರುವಾಗ ಸದ್ದಿಲ್ಲದೆ ಹೊರಡಬೇಡಿ. ನಾನು ಮೊದಮೊದಲು ಅಳುವನ್ನು ನೋಡಲಾರದೆ ಹಾಗೆ ಮಾಡಿದೆ, ಅದರ ಫಲವಾಗಿ ಮಗ ನಾನು ಮನೆಯಲ್ಲಿದ್ದ ದಿನಗಳಲ್ಲೂ ರಾತ್ರಿ ಎದ್ದೆದ್ದು ನನ್ನನ್ನು ಮುಟ್ಟಿ ನೋಡತೊಡಗಿದ. ಆಮೇಲೆ ಪೆಟ್ಟಿಗೆಗೆ ಬಟ್ಟೆ ತುಂಬುವಾಗ ಅವನನ್ನೂ ಕೂರಿಸಿಕೊಂಡೆ, ಅವನ ಕೈಯಿಂದಲೇ ಕಾಲುಚೀಲ ಇಡಿಸಿದೆ, ಮೂರು ರಾತ್ರಿಗೆ ಮೂರು ಬಾದಾಮಿ ಡಬ್ಬಿಯಲ್ಲಿಟ್ಟು ದಿನಕ್ಕೊಂದನ್ನು ಅವರಮ್ಮ ಅರೆದು ಹಾಲಿಗೆ ಹಾಕಿ ಕುಡಿಸುವಂತೆ ಮಾಡಿದೆ. ಡಬ್ಬಿ ಖಾಲಿಯಾದ ದಿನ ಅಪ್ಪ ಬರುತ್ತಾರೆ ಎಂಬುದು ಅವನಿಗೆ ತಿಳಿಯಿತು.

ಉತ್ತರ 3: ಬಸವನಗುಡಿಯಿಂದ, ನಿವೃತ್ತ ಶಿಕ್ಷಕಿ, ಮೂವರು ಮೊಮ್ಮಕ್ಕಳ ಅಜ್ಜಿ

ನೋಡಿ ತಾಯಿ, ನಾನು ನಿಮ್ಮ ಅತ್ತೆಯವರ ಜಾಗದಲ್ಲಿ ನಿಂತು ಎರಡು ಮಾತು ಬರೆಯುತ್ತೇನೆ. ಮೊಮ್ಮಗುವನ್ನು ಬಿಟ್ಟು ಹೋಗಿ ಎನ್ನುವ ಅಜ್ಜಿಯ ಬಾಯಲ್ಲಿ ನಿಮ್ಮ ಮೇಲಿನ ಕಾಳಜಿಯೂ ಇರುತ್ತದೆ, ಖಾಲಿಯಾಗುವ ಮನೆಯ ಭಯವೂ ಇರುತ್ತದೆ. ಎರಡನೆಯದನ್ನು ನಾವು ಹೇಳಿಕೊಳ್ಳುವುದಿಲ್ಲ. ಆದುದರಿಂದ "ಮಗುವನ್ನು ಕರೆದುಕೊಂಡು ಹೋಗುತ್ತೇವೆ" ಎಂದಷ್ಟೇ ಹೇಳಬೇಡಿ, "ನೀವು ಇಂಥ ತಿಂಗಳು ಬರಬೇಕು" ಎಂದು ಅದೇ ಉಸಿರಿನಲ್ಲಿ ಹೇಳಿ.

ನಮ್ಮಂಥ ಅಜ್ಜಿ ತಾತಂದಿರಿಗೆ ಸಿಗುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಅಲ್ಪಾವಧಿಯ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ತಲಾ 90 ಯೂರೊ ಶುಲ್ಕ, 30,000 ಯೂರೊಗಿಂತ ಕಡಿಮೆಯಿಲ್ಲದ ಪ್ರಯಾಣದ ಆರೋಗ್ಯ ವಿಮೆ ಬೇಕು. ಈ 90 ದಿನಗಳನ್ನು ಊರು ನೋಡುವ ಬೇಸಿಗೆಗೆ ಖರ್ಚು ಮಾಡಬೇಡಿ. ನಾನು ಮೊದಲ ಬಾರಿ ಮೇ ತಿಂಗಳಲ್ಲಿ ಹೋಗಿ ಚೆನ್ನಾಗಿ ಸುತ್ತಾಡಿ ಬಂದೆ, ಆದರೆ ಮಗಳಿಗೆ ನಾನು ನಿಜವಾಗಿ ಬೇಕಾಗಿದ್ದದ್ದು ನವೆಂಬರ್‌ನಲ್ಲಿ, ಮೊಮ್ಮಗಳಿಗೆ ಜ್ವರ ಬಂದು ಅಳಿಯಂದಿರು ಊರಲ್ಲಿಲ್ಲದ ವಾರದಲ್ಲಿ. ನಿಮ್ಮ ಅತ್ತೆ ಮಾವ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬರಲಿ, ಅವರು ಮರಳಿದ ಮೇಲೆ ನಿಮ್ಮ ತಂದೆ ತಾಯಿ ಬರಲಿ. ಮೊದಲ ಚಳಿಗಾಲ ಹೀಗೆ ದಾಟುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಮನೆಯಲ್ಲಿ ಇನ್ನೊಂದು ದನಿ ಇರುವುದು ಮಗುವಿಗಿಂತ ಹೆಚ್ಚಾಗಿ ನಿಮಗೆ ಬೇಕಾಗುತ್ತದೆ.

ರಾಗಿ ಸರಿ ಹಿಟ್ಟನ್ನು ಮಾಡಿಕೊಂಡು ಹೋಗಿ. ತುಪ್ಪ ಒಯ್ಯುವಂತಿಲ್ಲ, ಹೊರದೇಶದ ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದವರು ಒಳಗೆ ಬಿಡುವುದಿಲ್ಲ. ಅಲ್ಲಿ ಸಿಗುವ ಉಪ್ಪಿಲ್ಲದ ಬೆಣ್ಣೆಯನ್ನು ಕಾಯಿಸಿದರೆ ಒಳ್ಳೆಯ ತುಪ್ಪವಾಗುತ್ತದೆ.

ಭಾಷೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಇದು ನನ್ನ ಮನಸ್ಸಿಗೆ ಹತ್ತಿರವಾದ ವಿಷಯ. ಕಿಟಾದಲ್ಲಿ ಜರ್ಮನ್ ಕೇಳುವ ಮಗು ಗೊಂದಲಕ್ಕೆ ಬೀಳಬಾರದೆಂದು ಮನೆಯಲ್ಲಿ ಇಂಗ್ಲಿಷ್ ಆಡತೊಡಗುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪುಟ್ಟ ಮಕ್ಕಳು ಎರಡು ಮೂರು ಭಾಷೆಗಳನ್ನು ಒಟ್ಟಿಗೇ ಕಲಿಯಬಲ್ಲರು. ಕಿಟಾದಲ್ಲಿ ಕೆಲವು ತಿಂಗಳು ಮೌನವಾಗಿದ್ದರೂ ಒಳಗೆ ಎಲ್ಲವನ್ನೂ ಕೂಡಿಟ್ಟುಕೊಳ್ಳುತ್ತಿರುತ್ತಾರೆ. ಮನೆಯಲ್ಲಿ ಅಚ್ಚುಕಟ್ಟಾಗಿ ಕನ್ನಡವನ್ನೇ ಆಡಿ. ಅಲ್ಲಿ ಸಂಜೆ ನಾಲ್ಕೂವರೆ ಎಂದರೆ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎಂಟು. ಮಗು ತಿನ್ನುವ ಆ ಹೊತ್ತಿಗೆ ಅಜ್ಜಿ ತಾತ ಫೋನಿನಲ್ಲಿ ಕಥೆ ಹೇಳಲಿ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರ ಉತ್ತರಗಳನ್ನು ಯಜಮಾನರಿಗೂ ಅತ್ತೆಯವರಿಗೂ ಓದಿ ಹೇಳಿದೆ. ಬಾಗಿಲ ಬಳಿ ಚಪ್ಪಲಿ ಹಿಡಿದು ಕುಳಿತ ಮಗುವಿನ ಮಾತು ಬಂದಾಗ ಅತ್ತೆಯವರು ಎದ್ದು ಒಳಗೆ ಹೋದರು, ಸ್ವಲ್ಪ ಹೊತ್ತಿನ ನಂತರ ಬಂದು "ಕರೆದುಕೊಂಡೇ ಹೋಗಿ" ಎಂದರು. ಒಂದು ಸಂದೇಹ ಉಳಿದಿದೆ. ನನಗೆ ತಂದೆಯ ಹೆಸರಿನ ಇನಿಷಿಯಲ್, ಯಜಮಾನರಿಗೆ ಊರಿನ ಹೆಸರು, ಮಗನಿಗೆ ಯಜಮಾನರ ಹೆಸರು. ಮೂವರ ಪಾಸ್‌ಪೋರ್ಟ್‌ಗಳಲ್ಲೂ ಉಪನಾಮ ಬೇರೆ ಬೇರೆಯಾದರೆ ಪ್ರಯಾಣದಲ್ಲಿ ತೊಂದರೆಯಾಗುತ್ತದೆಯೇ?

ಉತ್ತರ: ಮಲ್ಲೇಶ್ವರದಿಂದ

ನಮ್ಮ ಮನೆಯಲ್ಲೂ ಹೀಗೆಯೇ ಇತ್ತು. ಉಪನಾಮ ಬೇರೆಯಾಗಿರುವುದು ತಪ್ಪಲ್ಲ, ಆದರೆ ಮಗು ನಿಮ್ಮದೇ ಎಂದು ತೋರಿಸುವ ಕಾಗದ ಕೈಯಲ್ಲಿರಬೇಕು. ಮಗುವಿನ ಹೆಸರು ಸೇರಿಸದ ಜನನ ಪ್ರಮಾಣಪತ್ರವೇ ಇನ್ನೂ ನಿಮ್ಮಲ್ಲಿದ್ದರೆ ಮೊದಲು ಹೆಸರು ಸೇರಿಸಿಕೊಳ್ಳಿ, ತಂದೆ ತಾಯಿಯ ಹೆಸರುಗಳು ಪಾಸ್‌ಪೋರ್ಟ್‌ನಲ್ಲಿರುವ ಕಾಗುಣಿತದಲ್ಲೇ ಇವೆಯೇ ಎಂದು ಅಕ್ಷರ ಅಕ್ಷರವಾಗಿ ಹೋಲಿಸಿ. ಯಜಮಾನರು ಒಬ್ಬರೇ ಮಗನೊಂದಿಗೆ ಪ್ರಯಾಣಿಸುವಾಗ ನಿಮ್ಮ ಸಹಿಯಿರುವ ಒಪ್ಪಿಗೆ ಪತ್ರವನ್ನೂ ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಲಿ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಪ್ರಮಾಣಪತ್ರ ತೆಗೆದು ನೋಡಿದೆ, ನನ್ನ ಇನಿಷಿಯಲ್ ಅದರಲ್ಲಿ ಬಿಟ್ಟುಹೋಗಿದೆ. ಸೋಮವಾರವೇ ತಿದ್ದುಪಡಿಗೆ ಅರ್ಜಿ ಕೊಡುತ್ತೇವೆ. ಮೊದಲ ಮೂರು ತಿಂಗಳು ಮತ್ತು ಸೆಪ್ಟೆಂಬರ್‌ನಲ್ಲಿ ಪ್ರಯಾಣ ಬೇಡವೆಂದು ಮೇಲಧಿಕಾರಿಗಳಿಗೆ ಬರೆದಿದ್ದೇನೆ. ಅತ್ತೆ ಮಾವನವರ ಪಾಸ್‌ಪೋರ್ಟ್‌ಗಳ ಅವಧಿ ಜುಲೈಗೆ ಮುಗಿಯುವುದರಿಂದ ಅವುಗಳ ನವೀಕರಣಕ್ಕೂ ಈ ವಾರವೇ ದಿನ ಗೊತ್ತುಮಾಡಿದ್ದೇವೆ.