ಪದಚರ್ಚೆ: ಆರ್ಯಭಟನನ್ನು ‘ವಿಜ್ಞಾನಿ’ ಎನ್ನಬಹುದೇ?

ಇತಿಹಾಸ, ವಿಜ್ಞಾನ ಮತ್ತು ಕಲಾಕ್ಷೇತ್ರಗಳ ಮಹನೀಯರ ಕಿರುಪರಿಚಯಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ಪದಬಳಕೆ ತೊಡಕಾಗಿ ಕಾಣುತ್ತದೆ. ಆರ್ಕಿಮಿಡೀಸನು ‘ಗ್ರೀಕ್ ವಿಜ್ಞಾನಿ’, ಆರ್ಯಭಟನು ‘ಪ್ರಾಚೀನ ಭಾರತದ ವಿಜ್ಞಾನಿ’, ಲಿಯೊನಾರ್ಡೊ ಡ ವಿಂಚಿಯು ‘ಕಲಾವಿದ ಹಾಗೂ ವಿಜ್ಞಾನಿ’, ನ್ಯೂಟನ್ ‘ಇಂಗ್ಲೆಂಡಿನ ಮಹಾನ್ ವಿಜ್ಞಾನಿ’, 1930ರಲ್ಲಿ ನೊಬೆಲ್ ಪಡೆದ ಸಿ. ವಿ. ರಾಮನ್ ಅವರೂ ‘ವಿಜ್ಞಾನಿ’. ಎರಡು ಸಾವಿರ ವರ್ಷಗಳಿಗೂ ಮೀರಿದ ಅಂತರದಲ್ಲಿ ಬದುಕಿದ, ಬೇರೆ ಬೇರೆ ಉದ್ದೇಶಗಳಿಂದ ದುಡಿದ ಇವರೆಲ್ಲರಿಗೂ ಒಂದೇ ಹಣೆಪಟ್ಟಿ ಹೊಂದುತ್ತದೆಯೇ ಎಂಬುದು ನನ್ನ ಪ್ರಶ್ನೆ. ಕನ್ನಡದ ‘ವಿಜ್ಞಾನಿ’ ಒಂದು ವೃತ್ತಿಯ ಹೆಸರೋ, ಅಥವಾ ಒಂದು ಬಗೆಯ ತಿಳಿವಳಿಕೆ ಉಳ್ಳವನನ್ನು ಸೂಚಿಸುವ ಗುಣವಾಚಕವೋ ಎಂಬುದು ಇತ್ಯರ್ಥವಾಗದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ವೃತ್ತಿಯ ಹೆಸರೆಂದು ಹಿಡಿದರೆ ಕಾಲದ ತೊಡಕು ಎದುರಾಗುತ್ತದೆ. ನಾವು ‘ವಿಜ್ಞಾನಿ’ಯನ್ನು ಯಾವ ಪದಕ್ಕೆ ಸಮಾನವಾಗಿ ಬಳಸುತ್ತೇವೆಯೋ ಆ ‘ಸೈಂಟಿಸ್ಟ್’ ಇಂಗ್ಲಿಷಿನಲ್ಲಿಯೇ ಇನ್ನೂ ಇನ್ನೂರು ವರ್ಷ ತುಂಬದ ಪದ. 1833ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನಸಂಸ್ಥೆಯ ಸಭೆಯಲ್ಲಿ, ಪ್ರಯೋಗ ಮತ್ತು ಅಳತೆಗಳಲ್ಲಿ ತೊಡಗಿದವರು ತಮ್ಮನ್ನು ತತ್ತ್ವಜ್ಞಾನಿಗಳೆಂದು ಕರೆದುಕೊಳ್ಳುವುದಕ್ಕೆ ಕವಿ ಕೋಲರಿಜ್ ಆಕ್ಷೇಪವೆತ್ತಿದರು. ಹಾಗಾದರೆ ಏನೆಂದು ಕರೆಯಬೇಕು ಎಂಬ ಚರ್ಚೆಯಲ್ಲಿ ‘ಆರ್ಟಿಸ್ಟ್’ ಎಂಬುದರ ಮಾದರಿಯಲ್ಲಿ ‘ಸೈಂಟಿಸ್ಟ್’ ಎನ್ನಬಹುದೆಂಬ ಸಲಹೆ ಬಂದಿತು. ಸಲಹೆ ನೀಡಿದವರು ಕೇಂಬ್ರಿಜ್ಜಿನ ವಿದ್ವಾಂಸ ವಿಲಿಯಂ ಹ್ಯೂವೆಲ್. ಮರುವರ್ಷ ವಿಜ್ಞಾನ ಲೇಖಕಿ ಮೇರಿ ಸಾಮರ್ವಿಲ್ ಅವರ ಗ್ರಂಥವೊಂದನ್ನು ವಿಮರ್ಶಿಸುವಾಗ ಅವರೇ ಈ ಪ್ರಸಂಗವನ್ನು ದಾಖಲಿಸಿ, ಆ ಪದ ಸಭೆಯಲ್ಲಿದ್ದವರಿಗೆ ಅಷ್ಟಾಗಿ ರುಚಿಸಲಿಲ್ಲವೆಂದೂ ಬರೆದರು. 1840ರಲ್ಲಿ ತಮ್ಮ ಸ್ವಂತ ಗ್ರಂಥದಲ್ಲಿ ಅದನ್ನು ಗಂಭೀರವಾಗಿ ಮುಂದಿಟ್ಟರು. ಸಾಮರ್ವಿಲ್ ಮಹಿಳೆಯಾಗಿದ್ದುದರಿಂದ ಅವರಿಗಾಗಿಯೇ ಈ ಪದವನ್ನು ಟಂಕಿಸಲಾಯಿತು ಎಂಬ ಮಾತು ಈಚೆಗೆ ಬಹಳ ಓಡಾಡುತ್ತಿದೆ. ಆದರೆ ಆ ವಿಮರ್ಶೆಯಲ್ಲಿ ಕಾಣುವ ಕಾರಣ ಬೇರೆ: ರಸಾಯನ, ಗಣಿತ, ಭೌತಗಳೆಂದು ಚದುರಿಹೋಗುತ್ತಿದ್ದವರೆಲ್ಲರನ್ನೂ ಒಟ್ಟಾಗಿ ಕರೆಯಲು ಒಂದು ಹೆಸರು ಬೇಕಾಗಿತ್ತು. ನ್ಯೂಟನ್‌ನ ಕಾಲಕ್ಕೆ ಈ ಪದವೇ ಇರಲಿಲ್ಲ. 1687ರಲ್ಲಿ ಹೊರಬಂದ ಅವನ ಮೇರುಕೃತಿಯ ಹೆಸರಿನಲ್ಲಿಯೇ ‘ನಿಸರ್ಗತತ್ತ್ವ’ ಎಂಬ ಅರ್ಥದ ಮಾತಿದೆ. ಹ್ಯೂವೆಲ್ ಅವರಿಂದಲೇ ‘ಆನೋಡ್’, ‘ಕ್ಯಾಥೋಡ್’ ಪದಗಳನ್ನು ಸಂತೋಷದಿಂದ ಪಡೆದುಕೊಂಡ ಫ್ಯಾರಡೆ ಕೂಡ ತಮ್ಮನ್ನು ತತ್ತ್ವಜ್ಞಾನಿಯೆಂದು ಕರೆಸಿಕೊಳ್ಳುವುದನ್ನೇ ಮೆಚ್ಚಿದರು.

ಕನ್ನಡದ ಮಟ್ಟಿಗೆ ಸಂಗತಿ ಇನ್ನಷ್ಟು ಸೋಜಿಗದ್ದು. ಇಂಗ್ಲಿಷಿನಲ್ಲಿ ಹೊಸ ಪದಾರ್ಥಕ್ಕೆ ಹೊಸ ಪದ ಹುಟ್ಟಿತು. ನಮ್ಮಲ್ಲಿ ಹೊಸ ಪದಾರ್ಥಕ್ಕೆ ಬಹಳ ಹಳೆಯ ಪದವನ್ನು ಕರೆತರಲಾಯಿತು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಮಾಸಪತ್ರಿಕೆಯೊಂದನ್ನು ಹೊರಡಿಸಿ ಅದಕ್ಕೆ ‘ವಿಜ್ಞಾನ’ ಎಂದೇ ಹೆಸರಿಟ್ಟರು. ಆದರೆ ಆ ಪದ ಅದಾಗಲೇ ನೂರಾರು ವರ್ಷಗಳಿಂದ ಬೇರೆ ಅರ್ಥಗಳನ್ನು ಹೊತ್ತು ನಡೆಯುತ್ತಿತ್ತು. ಭಗವದ್ಗೀತೆಯ ಏಳನೆಯ ಅಧ್ಯಾಯವನ್ನು ಜ್ಞಾನವಿಜ್ಞಾನಯೋಗವೆನ್ನುತ್ತಾರೆ. ಅಲ್ಲಿ ‘ವಿಜ್ಞಾನ’ವೆಂದರೆ ಅನುಭವಕ್ಕೆ ಬಂದ ಜ್ಞಾನವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಬೌದ್ಧರಲ್ಲಿ ಅದು ಚಿತ್ತದ ಅರಿವು. ಆದುದರಿಂದ ಅಸಂಗ, ವಸುಬಂಧುಗಳನ್ನು ‘ವಿಜ್ಞಾನವಾದಿಗಳು’ ಎಂದು ಓದಿದ ಇಂದಿನ ವಿದ್ಯಾರ್ಥಿಯು ಅವರು ಪ್ರಯೋಗಶಾಲೆಯ ಪರ ವಾದಿಸಿದವರೆಂದು ಭಾವಿಸಿದರೆ ತಪ್ಪು ಅವನದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ಬರೆದ ಧರ್ಮಶಾಸ್ತ್ರಜ್ಞ. ಅವನ ಹೆಸರಿನ ‘ವಿಜ್ಞಾನ’ಕ್ಕೂ ನಮ್ಮ ಪಠ್ಯಪುಸ್ತಕದ ವಿಜ್ಞಾನಕ್ಕೂ ಸಂಬಂಧ ಅತ್ಯಲ್ಪ.

ಆದರೆ ಹಳೆಯ ಸಂಸ್ಕೃತ ನಿಘಂಟಾದ ಅಮರಕೋಶದ ಒಂದು ಸಾಲು ಈ ಚರ್ಚೆಗೆ ನೇರವಾಗಿ ಒದಗುತ್ತದೆ: ‘ಮೋಕ್ಷೇ ಧೀರ್ಜ್ಞಾನಮನ್ಯತ್ರ ವಿಜ್ಞಾನಂ ಶಿಲ್ಪಶಾಸ್ತ್ರಯೋಃ’. ಮೋಕ್ಷದ ಕಡೆಗೆ ತಿರುಗಿದ ಬುದ್ಧಿ ಜ್ಞಾನ. ಅದರಾಚೆ ಶಿಲ್ಪ ಮತ್ತು ಶಾಸ್ತ್ರಗಳಲ್ಲಿ ತೊಡಗಿದ ಬುದ್ಧಿ ವಿಜ್ಞಾನ. ಇಲ್ಲಿ ಶಿಲ್ಪವೆಂದರೆ ಕಲ್ಲಿನ ಕೆತ್ತನೆಯಷ್ಟೇ ಅಲ್ಲದೆ ಕೈಗೆಲಸದ ಎಲ್ಲ ಕುಶಲತೆ. ಪುಸ್ತಕದ ವಿದ್ಯೆಯೂ ಕೈಯ ನೈಪುಣ್ಯವೂ ಒಂದೇ ಪದದಡಿ ಬಂದಿರುವುದು ಗಮನಾರ್ಹ. ಇಂದಿನ ‘ವಿಜ್ಞಾನ’ದಿಂದ ಕೈಗೆಲಸ ಬಹುಮಟ್ಟಿಗೆ ಜಾರಿಹೋಗಿ ‘ತಂತ್ರಜ್ಞಾನ’ವೆಂಬ ಪ್ರತ್ಯೇಕ ಮನೆ ಸೇರಿದೆ.

ಹಾಗೆ ಜಾರಿಹೋದ ಅರ್ಥ ಕನ್ನಡದಲ್ಲಿ ಪೂರ್ತಿ ಅಳಿದಿಲ್ಲ, ವೇಷ ಮರೆಸಿಕೊಂಡಿದೆ. ‘ಬಿನ್ನಾಣ’ವು ‘ವಿಜ್ಞಾನ’ದ ತದ್ಭವ. ‘ವಿಜ್ಞಾಪನ’ವು ‘ಬಿನ್ನಪ’ವಾದ, ‘ಸಂಜ್ಞೆ’ಯು ‘ಸನ್ನೆ’ಯಾದ, ‘ಯಜ್ಞ’ವು ‘ಜನ್ನ’ವಾದ ದಾರಿಯಲ್ಲಿಯೇ ಪ್ರಾಕೃತದ ಮೂಲಕ ಅದು ನಮಗೆ ಬಂದಿದೆ. ಹಳಗನ್ನಡದಲ್ಲಿ ‘ಬಿನ್ನಾಣ’ಕ್ಕೆ ಜಾಣ್ಮೆ, ಕೌಶಲ, ಕೆಲಸದ ಚೆಲುವು ಎಂಬ ಅರ್ಥಗಳಿವೆ, ‘ಬಿನ್ನಾಣಿ’ಯೆಂದರೆ ನಿಪುಣ. ಅಮರಕೋಶದ ಶಿಲ್ಪವಿಜ್ಞಾನ ಹೆಚ್ಚುಕಡಿಮೆ ಇದೇ. ಕೌಶಲದಿಂದ ಚಮತ್ಕಾರಕ್ಕೆ, ಚಮತ್ಕಾರದಿಂದ ತೋರಿಕೆಗೆ, ತೋರಿಕೆಯಿಂದ ಒಯ್ಯಾರಕ್ಕೆ ಅರ್ಥವು ಮೆಲ್ಲನೆ ಸರಿಯುತ್ತ ಬಂದು ಈಗ ‘ಬಿನ್ನಾಣದ ಮಾತು’ ಎಂದರೆ ನಂಬಲಾಗದ ನಯದ ಮಾತು, ‘ಬಿನ್ನಾಣಗಿತ್ತಿ’ ಎಂದರೆ ಬೆಡಗಿನವಳು ಎಂದು ನಿಂತಿದೆ. ತತ್ಸಮವು ಪ್ರಯೋಗಶಾಲೆಗೂ ತದ್ಭವವು ಕನ್ನಡಿಯ ಮುಂದಕ್ಕೂ ಹೋದವು ಎನ್ನಬೇಕು. ಇಂದು ಯಾರನ್ನಾದರೂ ‘ಬಿನ್ನಾಣಿ’ ಎಂದು ಹೊಗಳಲು ಹೊರಟರೆ ಜಗಳವಾದೀತು.

ಆದರೂ ಲಿಯೊನಾರ್ಡೊವಿನ ವಿಷಯದಲ್ಲಿ ನನಗೆ ಈ ಹಳೆಯ ಅರ್ಥವೇ ಹೆಚ್ಚು ಒಪ್ಪಿಗೆಯಾಗುತ್ತದೆ. ಮಿಲಾನಿನ ಲುದೊವಿಕೊ ಸ್ಫೋರ್ಝಾನಿಗೆ ಕೆಲಸ ಕೇಳಿ ಸಿದ್ಧಪಡಿಸಿದ ಪತ್ರದಲ್ಲಿ ಅವನು ಹಗುರವಾದ ಸೇತುವೆ, ಫಿರಂಗಿ, ಮುಚ್ಚಿದ ಯುದ್ಧರಥಗಳನ್ನು ಮಾಡಬಲ್ಲೆನೆಂದು ಉದ್ದವಾಗಿ ಹೇಳಿಕೊಂಡು, ಚಿತ್ರ ಬರೆಯುವ ಮಾತನ್ನು ಕೊನೆಗೆ ಸೇರಿಸುತ್ತಾನೆ. ತನ್ನ ಟಿಪ್ಪಣಿಗಳಲ್ಲಿ ತನ್ನನ್ನು ವಿದ್ಯೆಯಿಲ್ಲದವನೆಂದೂ ಅನುಭವದ ಶಿಷ್ಯನೆಂದೂ ಕರೆದುಕೊಳ್ಳುತ್ತಾನೆ. ‘ಕಲಾವಿದ ಹಾಗೂ ವಿಜ್ಞಾನಿ’ ಎಂದು ನಡುವೆ ‘ಹಾಗೂ’ ಹಾಕಿ ನಾವು ಎರಡು ತುಂಡು ಮಾಡಿದ ಮನುಷ್ಯನು ಅಮರಕೋಶದ ‘ಶಿಲ್ಪಶಾಸ್ತ್ರಯೋಃ’ ಎಂಬ ಒಂದೇ ಸಮಾಸದಲ್ಲಿ ಇಡಿಯಾಗಿ ಹಿಡಿಸುತ್ತಾನೆ.

ನೆರೆಯ ಭಾಷೆಗಳನ್ನು ನೋಡಿದರೆ ಮರಾಠಿ ಮತ್ತು ಮಲಯಾಳಗಳು ‘ಶಾಸ್ತ್ರಜ್ಞ’ದ ರೂಪಗಳನ್ನೂ ತೆಲುಗು ‘ಶಾಸ್ತ್ರವೇತ್ತ’ವನ್ನೂ ಬಳಸುತ್ತವೆ; ಹಿಂದಿಯಲ್ಲಿ ‘ವೈಜ್ಞಾನಿಕ’ವೇ ವ್ಯಕ್ತಿವಾಚಕ. ಕನ್ನಡದಲ್ಲಿ ‘ವೈಜ್ಞಾನಿಕ’ ವಿಶೇಷಣ ಮಾತ್ರ. ಹಿಂದಿಯಿಂದ ಅವಸರದಲ್ಲಿ ಅನುವಾದವಾದ ಸುದ್ದಿಗಳಲ್ಲಿ ‘ಇಬ್ಬರು ವೈಜ್ಞಾನಿಕರು’ ಎಂಬಂತಹ ಪ್ರಯೋಗ ನುಸುಳಿದರೆ ಅದನ್ನು ಯಾವ ಅನುಮಾನವೂ ಇಲ್ಲದೆ ತಿದ್ದಬಹುದು. ಅಚ್ಚಗನ್ನಡದ ಪರವಾಗಿರುವವರು ‘ಅರಿಮೆಗಾರ’, ‘ಅರಿಗ’ ಎಂದು ಬರೆಯುತ್ತಾರೆ. ಅವು ಚೆನ್ನಾಗಿಯೇ ಇವೆ, ಆದರೆ ಕಾಲದ ತೊಡಕು ಅವುಗಳಿಂದಲೂ ಬಗೆಹರಿಯದು.

ಹಾಗಾದರೆ ಅವರವರ ಕಾಲದ ಹೆಸರಿನಿಂದಲೇ ಅವರನ್ನು ಕರೆಯಬಹುದಲ್ಲವೇ? ನನ್ನ ಒಲವು ಆ ಕಡೆಗೇ ಇದೆ, ಆದರೆ ಅಲ್ಲಿಯೂ ಹಳ್ಳಗಳಿವೆ. ಬ್ರಹ್ಮಗುಪ್ತನನ್ನು ಭಾಸ್ಕರಾಚಾರ್ಯನು ‘ಗಣಕಚಕ್ರಚೂಡಾಮಣಿ’ ಎಂದು ಕೊಂಡಾಡಿದ್ದಾನೆ. ಇಂದು ‘ಗಣಕ’ ಎಂದು ಬರೆದರೆ ಓದುಗನ ಕಣ್ಣಿಗೆ ಮೇಜಿನ ಮೇಲಿನ ಯಂತ್ರ ಕಾಣುತ್ತದೆ. ಇಂಗ್ಲಿಷಿನ ‘ಕಂಪ್ಯೂಟರ್’ ಕೂಡ ಮೊದಲು ಲೆಕ್ಕ ಮಾಡುವ ಮನುಷ್ಯನ ಹೆಸರಾಗಿದ್ದು ಬಳಿಕ ಯಂತ್ರದ ಪಾಲಾಯಿತು. ‘ಜ್ಯೋತಿಷಿ’ಯ ಪಾಡು ಇನ್ನೂ ಕಷ್ಟದ್ದು. ಗ್ರಹಗತಿಯ ಗಣಿತವನ್ನೂ ಜಾತಕಫಲವನ್ನೂ ಹಿಂದೆ ಒಂದೇ ಪದ ಹೊರುತ್ತಿತ್ತು. ವರಾಹಮಿಹಿರನು ಪಂಚಸಿದ್ಧಾಂತಿಕಾ ಬರೆದ ಕೈಯಲ್ಲಿಯೇ ಬೃಹಜ್ಜಾತಕವನ್ನೂ ಬರೆದನು. ಈಗ ಜಾತಕದ ಅರ್ಥವೊಂದೇ ಉಳಿದಿರುವುದರಿಂದ ಅವನನ್ನು ‘ಜ್ಯೋತಿಷಿ’ ಎಂದರೆ ಅರ್ಧ ಸುಳ್ಳು, ‘ಖಗೋಳವಿಜ್ಞಾನಿ’ ಎಂದರೂ ಅರ್ಧ ಸುಳ್ಳು. ಇದು ನಮ್ಮೊಬ್ಬರ ಸಂಕಟವೂ ಅಲ್ಲ: ಗ್ರಹಗಳ ಪಥ ದೀರ್ಘವೃತ್ತವೆಂದು 1609ರಲ್ಲಿ ಪ್ರಕಟಿಸಿದ ಕೆಪ್ಲರನೇ ಸೇನಾಪತಿ ವಾಲೆನ್‌ಸ್ಟೈನನಿಗೆ ಜಾತಕ ಬರೆದುಕೊಟ್ಟಿದ್ದನು, ಮತ್ತು ಚಕ್ರವರ್ತಿಯ ಆಸ್ಥಾನದಲ್ಲಿ ಅವನಿಗಿದ್ದ ಪದವಿಯ ಹೆಸರು ‘ಗಣಿತಜ್ಞ’ ಎಂದು.

ಇವೆಲ್ಲವನ್ನೂ ತೂಗಿ ನೋಡಿ ನಾನು ಅನುಸರಿಸಬೇಕೆಂದಿರುವ ಕ್ರಮ ಇದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಈಚಿನವರಿಗೆ ‘ವಿಜ್ಞಾನಿ’ಯನ್ನು ನಿಸ್ಸಂಕೋಚವಾಗಿ ಬಳಸುವುದು. ಅದಕ್ಕಿಂತ ಹಿಂದಿನವರಿಗೆ ಅವರು ಮಾಡಿದ ಕೆಲಸವನ್ನೇ ಹೆಸರಾಗಿಸುವುದು: ಆರ್ಕಿಮಿಡೀಸನಿಗೆ ‘ಗಣಿತಜ್ಞ ಮತ್ತು ಯಂತ್ರಶಿಲ್ಪಿ’, ನ್ಯೂಟನ್‌ಗೆ ‘ಗಣಿತಜ್ಞ ಮತ್ತು ನಿಸರ್ಗತತ್ತ್ವಜ್ಞ’. ಆರ್ಯಭಟನ ವಿಷಯದಲ್ಲಿ ಅವನೇ ದಾರಿ ತೋರಿಸಿದ್ದಾನೆ. ಕ್ರಿ.ಶ. 499ರಲ್ಲಿ, ತನಗೆ 23 ವರ್ಷವಾಗಿದ್ದಾಗಿನ ಕಾಲವನ್ನು ಸೂಚಿಸುವ ಆರ್ಯಭಟೀಯದಲ್ಲಿ ತನ್ನ ವಿಷಯಗಳನ್ನು ಗಣಿತ, ಕಾಲಕ್ರಿಯೆ (ಕಾಲಗಣನೆ), ಗೋಲ (ಖಗೋಳ) ಎಂದು ಅವನು ಹೆಸರಿಸುತ್ತಾನೆ. ‘ಗಣಿತ, ಕಾಲಕ್ರಿಯೆ, ಗೋಲಗಳ ಆಚಾರ್ಯ’ ಎಂದರೆ ಒಂದೆರಡು ಪದ ಹೆಚ್ಚಾಗುತ್ತವೆ, ಅರ್ಥ ಕೆಡುವುದಿಲ್ಲ.

ಈ ಕ್ರಮವನ್ನು ಅಲುಗಿಸುವವನು ಇಬ್ನ್ ಅಲ್-ಹೈಥಮ್ ಒಬ್ಬನೇ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಕೈರೋದಲ್ಲಿದ್ದು ದೃಷ್ಟಿ ಮತ್ತು ಬೆಳಕನ್ನು ಕುರಿತು ಮಹಾಗ್ರಂಥ ಬರೆದ ಇವನು, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಿಂದಿನವರ ವಾದವನ್ನು ತಳ್ಳಿಹಾಕಿ, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು ಸಾಧಿಸಿದನು. ದೀಪಗಳನ್ನು ಸಾಲಾಗಿಟ್ಟು ಕಿರುರಂಧ್ರದ ಮೂಲಕ ಕತ್ತಲ ಕೋಣೆಯೊಳಗೆ ಬೆಳಕು ಬೀಳಿಸಿ, ಒಂದು ದೀಪವನ್ನು ಮರೆಮಾಡಿದಾಗ ಅದಕ್ಕೆ ಎದುರಾದ ಬೆಳಕಿನ ಮಚ್ಚೆ ಮಾತ್ರ ಮಾಯವಾಗುವುದನ್ನು ಅವನು ವಿವರಿಸುತ್ತಾನೆ. ವೃತ್ತಿಯ ಹೆಸರು ಅವನಿಗೆ ಹೊಂದದಿದ್ದರೂ ವಿಧಾನವಂತೂ ನಿಸ್ಸಂದೇಹವಾಗಿ ವಿಜ್ಞಾನಿಯದು. ಇವನಿಗೆ ‘ದೃಗ್ವಿಜ್ಞಾನಿ’ ಎಂದು ವಿನಾಯಿತಿ ಕೊಡಬೇಕೇ, ಅಥವಾ ‘ಪ್ರಯೋಗನಿಷ್ಠ ಗಣಿತಜ್ಞ’ ಎಂದು ನಿಯಮದೊಳಗೇ ಇರಿಸಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಜೊತೆಗೆ, 1918ಕ್ಕಿಂತ ಹಿಂದಿನ ಕನ್ನಡ ಬರಹದಲ್ಲಿ ‘ವಿಜ್ಞಾನಿ’ಯು ಇಂದಿನ ಅರ್ಥದಲ್ಲಿ ಬಂದಿರುವ ವಾಕ್ಯ ಯಾರ ಕಣ್ಣಿಗಾದರೂ ಬಿದ್ದಿದ್ದರೆ, ಅದನ್ನು ಕೃತಿ ಮತ್ತು ಪುಟಸಂಖ್ಯೆಯೊಡನೆ ಕೊಟ್ಟರೆ ಉಪಕಾರವಾಗುತ್ತದೆ.