ನೊರೆ ತೇಲುವಿಕೆಗೆ ಯಾವ ಸೆಲ್, ಎಷ್ಟು ಸೆಲ್?

ಪ್ರಶ್ನೆ: ತಾಮ್ರದ ಸಲ್ಫೈಡ್ ಅದಿರಿನ ಹೊಸ ಸ್ಥಾವರವೊಂದರ ವಿನ್ಯಾಸ ತಂಡದಲ್ಲಿದ್ದೇನೆ. ಅರೆದ ಅದಿರಿನ ಕೆಸರಿಗೆ ಗಾಳಿ ಕೊಟ್ಟು, ಗುಳ್ಳೆಗಳಿಗೆ ಅಂಟಿದ ಖನಿಜವನ್ನು ನೊರೆಯಾಗಿ ಎತ್ತುವ ತೊಟ್ಟಿಗಳನ್ನು, ಅಂದರೆ ಸೆಲ್‌ಗಳನ್ನು, ಆರಿಸಬೇಕಿದೆ. ಗಂಟೆಗೆ 100 ಟನ್ ಅದಿರು, ಅದರಲ್ಲಿ ಶೇ 1ರಷ್ಟು ತಾಮ್ರ. ಅರೆದ ಬಳಿಕ ಶೇ 80ರಷ್ಟು ಪಾಲು 106 ಮೈಕ್ರಾನ್‌ಗಿಂತ ಸಣ್ಣದಾಗಿರುತ್ತದೆ. ಅದಿರಿನ ಸಾಪೇಕ್ಷ ಸಾಂದ್ರತೆ 2.8, ಪಲ್ಪ್‌ನಲ್ಲಿ (ಅದಿರು-ನೀರಿನ ಕೆಸರಿನಲ್ಲಿ) ತೂಕದ ಶೇ 33ರಷ್ಟು ಘನ. ಪ್ರಯೋಗಾಲಯದ ಸೆಲ್‌ನಲ್ಲಿ ರಫರ್ (ಮೊದಲ ಹಂತದ ತೇಲಿಸುವಿಕೆ) ಮತ್ತು ಸ್ಕ್ಯಾವೆಂಜರ್ (ಅಲ್ಲಿ ಉಳಿದ ಖನಿಜವನ್ನು ಹಿಡಿಯುವ ಹಂತ) ಸೇರಿ 6 ನಿಮಿಷ ಸಾಕಾಯಿತು. ಒಟ್ಟು ತೂಕದ ಶೇ 8ರಷ್ಟು ನೊರೆಯೊಂದಿಗೆ ಬಂತು. ಒಬ್ಬ ಪೂರೈಕೆದಾರರು ಎರಡು ದೊಡ್ಡ ಯಾಂತ್ರಿಕ ಸೆಲ್‌ಗಳು ಸಾಕು ಎನ್ನುತ್ತಾರೆ. ಮತ್ತೊಬ್ಬರು ಕಾಲಮ್, ಇನ್ನೊಬ್ಬರು ಜೇಮ್ಸನ್ ಸೆಲ್ ಹಾಕಿ ಎನ್ನುತ್ತಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಪೂರೈಕೆದಾರರ ಕೈಪಿಡಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಬರೆದಿರುವ ಅಂಕಿಗಳೇ ಅರ್ಧ ಉತ್ತರ ಹೇಳುತ್ತವೆ.

ಮೊದಲು ಗಾತ್ರ. ಗಂಟೆಗೆ 100 ಟನ್ ಘನವೆಂದರೆ ಸುಮಾರು 36 ಘನ ಮೀಟರ್. ಅದರ ಜೊತೆಗಿನ ನೀರು ಸುಮಾರು 203 ಘನ ಮೀಟರ್. ಒಟ್ಟು 239. ಸಿಕ್ಕ ನೊರೆಯನ್ನು ಮತ್ತೆ ತೇಲಿಸಿ ಶುದ್ಧಗೊಳಿಸುವ ಹಂತವಾದ ಕ್ಲೀನರ್‌ನಿಂದ ಹಿಂತಿರುಗಿ ಬರುವ ಹರಿವಿಗೆಂದು ಶೇ 20 ಸೇರಿಸಿದರೆ ಗಂಟೆಗೆ 287 ಘನ ಮೀಟರ್ ಆಗುತ್ತದೆ. ಈ ಹಿಂತಿರುಗುವ ಹರಿವನ್ನು ಮರೆತು ಸೆಲ್ ಖರೀದಿಸಿದವರನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಪ್ರಯೋಗಾಲಯದ 6 ನಿಮಿಷವನ್ನು ಸ್ಥಾವರಕ್ಕೆ ಹಾಗೆಯೇ ಒಯ್ಯುವಂತಿಲ್ಲ. ಅಲ್ಲಿ ಒಂದೇ ಪಾತ್ರೆಯ ಪಲ್ಪ್ ಪೂರ್ತಿ 6 ನಿಮಿಷ ಗಾಳಿ ಕಾಣುತ್ತದೆ. ಇಲ್ಲಿ ಅದು ಹರಿಯುತ್ತಿರುತ್ತದೆ, ನೊರೆಯ ಪದರ ದಪ್ಪ, ನೊರೆ ಕೆರೆಯುವ ಕೈಯೂ ಇಲ್ಲ. ಸಾಮಾನ್ಯವಾಗಿ 2ರಿಂದ 2.5 ಪಟ್ಟು ಹೆಚ್ಚಿಸುತ್ತಾರೆ. 2.5 ಹಿಡಿದರೆ 15 ನಿಮಿಷ; ತಾಮ್ರದ ರಫರ್‌ಗೆ ರೂಢಿಯಲ್ಲಿರುವ 13ರಿಂದ 16 ನಿಮಿಷಕ್ಕೆ ಅದು ಹೊಂದುತ್ತದೆ. ಆಗ ಬೇಕಾದ ಪಲ್ಪ್ ಗಾತ್ರ ಸುಮಾರು 72 ಘನ ಮೀಟರ್. ಸೆಲ್‌ನೊಳಗಿನ ಶೇ 15ರಷ್ಟು ಜಾಗವನ್ನು ಗಾಳಿಯೇ ತುಂಬಿಕೊಳ್ಳುವುದರಿಂದ 0.85ರಿಂದ ಭಾಗಿಸಿ: 84 ಘನ ಮೀಟರ್.

ಇದನ್ನು 42ರ ಎರಡು ಸೆಲ್‌ಗಳಾಗಿ ಮಾಡಿದರೆ ಏನಾಗುತ್ತದೆ? ಯಾಂತ್ರಿಕ ಸೆಲ್ ಎಂದರೆ ಚೆನ್ನಾಗಿ ಕಲಕಿದ ತೊಟ್ಟಿ. ಈಗಷ್ಟೇ ಒಳಬಂದ ಕಣಕ್ಕೂ ತಕ್ಷಣ ಹೊರಹೋಗುವ ಅವಕಾಶವಿರುತ್ತದೆ. ಸರಾಸರಿ 15 ನಿಮಿಷವೇ ಇದ್ದರೂ, ಎರಡೇ ಸೆಲ್‌ಗಳ ಸಾಲಿನಲ್ಲಿ ಸುಮಾರು ಶೇ 6ರಷ್ಟು ಪಲ್ಪ್ ಮೂರು ನಿಮಿಷದೊಳಗೆ ದಾಟಿಹೋಗುತ್ತದೆ. ಆರು ಸೆಲ್‌ಗಳ ಸಾಲಿನಲ್ಲಿ ಹಾಗೆ ತಪ್ಪಿಸಿಕೊಳ್ಳುವುದು ಶೇ 0.2ಕ್ಕಿಂತ ಕಡಿಮೆ. ತೇಲುವ ವೇಗದ ಸ್ಥಿರಾಂಕ (ಉಳಿದಿರುವ ಖನಿಜದ ಎಷ್ಟು ಪಾಲು ತೇಲುತ್ತಿರುತ್ತದೆ ಎಂಬ ಅಳತೆ) ನಿಮಿಷಕ್ಕೆ 0.3 ಎಂದು ಹಿಡಿದು ಲೆಕ್ಕ ಹಾಕಿ: ತೇಲಬಲ್ಲ ಖನಿಜದಲ್ಲಿ ಎರಡು ಸೆಲ್‌ಗಳು ಸುಮಾರು ಶೇ 90.5ರಷ್ಟನ್ನು ಹಿಡಿಯುತ್ತವೆ, ಆರು ಸೆಲ್‌ಗಳು ಶೇ 96.5ರಷ್ಟನ್ನು. ಒಟ್ಟು ಗಾತ್ರ ಎರಡು ಕಡೆಯೂ ಒಂದೇ. ಸ್ಥಾವರ ನಡೆಯುವಷ್ಟು ಕಾಲ ಆ ಆರು ಶೇಕಡಾ ತಾಮ್ರ ಶೇಷದ ಕೆರೆಗೆ ಹೋಗುತ್ತಲೇ ಇರುತ್ತದೆ. ಎರಡು ಸೆಲ್‌ನ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ತಲಾ 16 ಘನ ಮೀಟರ್‌ನ ಆರು ಸೆಲ್‌ಗಳನ್ನು ಎರಡೆರಡಕ್ಕೆ ಒಂದು ಮೆಟ್ಟಿಲಿನಂತೆ ಇಳಿಸಿ ಕೂರಿಸಿ. ಒಟ್ಟು 96 ಆಗುತ್ತದೆ, ಸ್ವಲ್ಪ ಮೀಸಲೂ ಉಳಿಯುತ್ತದೆ.

ಅದೇ ಪ್ರಶ್ನಿಗರು: ಗಾತ್ರದ ಲೆಕ್ಕ ಅರ್ಥವಾಯಿತು. ನೊರೆ ಬೇಗ ಹೊರಬರಲೆಂದು ಪ್ರತಿ ಸೆಲ್‌ಗೂ ಒಳಗಿನ ಅಡ್ಡ ಲಾಂಡರ್‌ಗಳನ್ನು (ಅಂಚು ದಾಟಿದ ನೊರೆ ಹರಿದುಹೋಗುವ ಕಾಲುವೆಗಳನ್ನು) ಹೆಚ್ಚುವರಿಯಾಗಿ ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಜವಾಗಿ ಸಂತೋಷವಾಯಿತು. ಪಲ್ಪ್‌ನ ಗಾತ್ರವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ನೊರೆಯ ಲೆಕ್ಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಖನಿಜ ಗುಳ್ಳೆಗೆ ಅಂಟುವುದು ಪಲ್ಪ್‌ನಲ್ಲಿ; ಅದು ನಮ್ಮ ಕೈಗೆ ಸಿಗುವುದು ನೊರೆ ಅಂಚು ದಾಟಿದಾಗ ಮಾತ್ರ.

ನಿಮ್ಮಲ್ಲಿ ಗಂಟೆಗೆ 8 ಟನ್ ಘನ ನೊರೆಯೊಂದಿಗೆ ಬರಬೇಕು. 16 ಘನ ಮೀಟರ್ ಸೆಲ್‌ನ ವ್ಯಾಸ ಸುಮಾರು 2.8 ಮೀಟರ್ ಎಂದರೆ ಮೇಲ್ಮೈ ಸುಮಾರು 6 ಚದರ ಮೀಟರ್. ಮೊದಲ ಸೆಲ್ ಒಟ್ಟು ನೊರೆಯ ಶೇ 40ರಷ್ಟನ್ನು ಕೊಟ್ಟರೂ ಚದರ ಮೀಟರಿಗೆ ಗಂಟೆಗೆ ಅರ್ಧ ಟನ್‌ನಷ್ಟೇ. ರಫರ್‌ನಲ್ಲಿ 0.8ರಿಂದ 1.5 ಟನ್, ಸ್ಕ್ಯಾವೆಂಜರ್‌ನಲ್ಲಿ 0.3ರಿಂದ 0.8 ಟನ್ ಹೊರೆ ಇದ್ದರೆ ನೊರೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಒಪ್ಪಿತ ಅಳತೆ. ನಿಮ್ಮ ಕೊನೆಯ ಸೆಲ್‌ಗಳಲ್ಲಿ ಇದು 0.1ರ ಸುತ್ತ ಇಳಿಯಬಹುದು. ಗುಳ್ಳೆಗಳ ಮೈತುಂಬ ಕಣಗಳಿಲ್ಲದಿದ್ದರೆ ಅವು ಅಂಚು ಮುಟ್ಟುವ ಮೊದಲೇ ಒಡೆದು ಹಿಡಿದ ಖನಿಜವನ್ನು ಮತ್ತೆ ಕೆಳಕ್ಕೆ ಬಿಡುತ್ತವೆ.

ನಾನು ಕೆಲಸ ಮಾಡಿದ ಒಂದು ಸ್ಥಾವರದಲ್ಲಿ ಇದೇ ಆಯಿತು. ಕೊನೆಯ ಎರಡು ಸೆಲ್‌ಗಳ ಮೇಲೆ ನೊರೆ ತೆಳ್ಳಗೆ ಹರಡಿ, ನಡುವೆ ಕಪ್ಪು ನೀರು ಕಾಣುತ್ತಿತ್ತು. ನಾವು ತಿಂಗಳುಗಟ್ಟಲೆ ನೊರೆಕಾರಕವನ್ನು ಏರಿಸುತ್ತ ಹೋದೆವು. ಕಲ್ಮಶ ಹೆಚ್ಚಿತು, ತಾಮ್ರ ಹೆಚ್ಚಲಿಲ್ಲ. ಕೊನೆಗೆ ಸೆಲ್‌ನ ನಡುವೆ ತಲೆಕೆಳಗಾದ ಶಂಕುವಿನಂಥ ತಡೆಯನ್ನು ಕೂರಿಸಿ ನೊರೆಯ ಜಾಗವನ್ನು ಕಿರಿದಾಗಿಸಿದ ಮೇಲೆ ನೊರೆ ಒತ್ತೊತ್ತಾಗಿ ಅಂಚಿನತ್ತ ನಡೆಯಿತು. ಆ ದಿನ ನಾನು ಬಹಳ ಹೊತ್ತು ಸೆಲ್‌ಗಳ ಬಳಿಯೇ ನಿಂತಿದ್ದೆ.

ಆದ್ದರಿಂದ ಹೆಚ್ಚುವರಿ ಲಾಂಡರ್ ಬೇಡ. ಹೊರ ಅಂಚಿನ ಲಾಂಡರ್ ಸಾಕು, ಜೊತೆಗೆ ಒಳಗಿನ ಶಂಕುವನ್ನು ಕೇಳಿ. ಕೊನೆಯ ಮೂರು ಸೆಲ್‌ಗಳಲ್ಲಿ ಅದು ಇನ್ನೂ ದೊಡ್ಡದಾಗಿರಲಿ. ಅಂಚಿನ ಉದ್ದಕ್ಕೂ ಒಂದು ಮಿತಿಯಿದೆ: ಮೀಟರಿಗೆ ಗಂಟೆಗೆ 1.5 ಟನ್ ದಾಟಬಾರದು. ನೀವು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಮತ್ತೊಬ್ಬ ಸದಸ್ಯರು: ಗಾಳಿಯನ್ನು ತಾನೇ ಎಳೆದುಕೊಳ್ಳುವ ಸೆಲ್ ಒಳ್ಳೆಯದೋ, ಬ್ಲೋವರ್‌ನಿಂದ ಗಾಳಿ ಪಡೆಯುವುದೋ? ಬ್ಲೋವರ್ ಇಲ್ಲದಿದ್ದರೆ ಒಂದು ಯಂತ್ರ ಕಡಿಮೆಯಾಗುತ್ತದಲ್ಲವೇ?

ಉತ್ತರ: ಯಂತ್ರ ಕಡಿಮೆಯಾಗುತ್ತದೆ, ನಿಜ. ಆದರೆ ತಾನೇ ಎಳೆದುಕೊಳ್ಳುವ ಸೆಲ್‌ನಲ್ಲಿ ಗಾಳಿಯ ಪ್ರಮಾಣ ಇಂಪೆಲ್ಲರ್‌ನ (ಕಲಕುವ ಚಕ್ರದ) ವೇಗಕ್ಕೂ ಪಲ್ಪ್‌ನ ಮಟ್ಟಕ್ಕೂ ಕಟ್ಟುಬಿದ್ದಿರುತ್ತದೆ. ಬ್ಲೋವರ್ ಇದ್ದರೆ ಪ್ರತಿ ಸೆಲ್‌ನ ಗಾಳಿಯನ್ನು ಬೇರೆಬೇರೆಯಾಗಿ ತಿರುಗಿಸಬಹುದು. ಅದಿರಿನ ಗುಣ ದಿನದಿನಕ್ಕೆ ಬದಲಾಗುವ ಕಡೆ ಆ ಸ್ವಾತಂತ್ರ್ಯ ದೊಡ್ಡದು. ನನ್ನ ಒಲವು ಬ್ಲೋವರ್ ಕಡೆಗೆ. ಮೇಲ್ಮೈಯ ಲೆಕ್ಕದಲ್ಲಿ ಗಾಳಿ ಸೆಕೆಂಡಿಗೆ 1.2 ಸೆಂಟಿಮೀಟರ್ ವೇಗದಲ್ಲಿ ಏರಬೇಕೆಂದರೆ ಮೇಲಿನ ಆರು ಸೆಲ್‌ಗಳಿಗೆ ನಿಮಿಷಕ್ಕೆ ಸುಮಾರು 26 ಘನ ಮೀಟರ್ ಗಾಳಿ ಸಾಕು. ಬೆಟ್ಟದ ಮೇಲಿನ ಸ್ಥಾವರವಾದರೆ ಅಲ್ಲಿನ ತೆಳುಗಾಳಿಗೆ ತಕ್ಕಂತೆ ಬ್ಲೋವರ್ ಆರಿಸಿಕೊಳ್ಳಬೇಕು.

ಮೊದಲ ಪ್ರಶ್ನಿಗರು: ಹಾಗಾದರೆ ಕಾಲಮ್ ಮತ್ತು ಜೇಮ್ಸನ್ ಸೆಲ್ ನಮಗೆ ಬೇಡವೇ?

ಉತ್ತರ: ರಫರ್‌ನಲ್ಲಿ ಬೇಡ. ಕ್ಲೀನರ್‌ನಲ್ಲಿ ಖಂಡಿತ ಪರಿಶೀಲಿಸಿ. ಅವುಗಳ ನಿಜವಾದ ಬಲ ಇರುವುದು ಅಲ್ಲಿ.

ನೀರಿನೊಂದಿಗೆ ಸುಮ್ಮನೆ ಮೇಲೆ ಬರುವ ನುಣ್ಣನೆಯ ಕಲ್ಮಶವೇ ಕ್ಲೀನರ್‌ನ ಶತ್ರು. ಕಾಲಮ್ ಸಾಮಾನ್ಯವಾಗಿ 9ರಿಂದ 15 ಮೀಟರ್ ಎತ್ತರದ ಕೊಳವೆ, ಒಳಗೆ ಕಲಕುವ ಇಂಪೆಲ್ಲರ್ ಇಲ್ಲ. ದಪ್ಪ ನೊರೆಯ ಮೇಲೆ ತೊಳೆಯುವ ನೀರನ್ನು ಸುರಿಯುತ್ತಾರೆ; ಅದು ಕೆಳಗಿಳಿಯುತ್ತ ಕಲ್ಮಶವನ್ನು ಹಿಂದಕ್ಕೆ ಅಟ್ಟುತ್ತದೆ. ಕೆನಡಾದಲ್ಲಿ 1960ರ ದಶಕದಲ್ಲಿ ಹುಟ್ಟಿದ ಈ ವಿನ್ಯಾಸಕ್ಕೆ 1980ರ ದಶಕದಲ್ಲಿ ಮಾಲಿಬ್ಡಿನಂ ಕ್ಲೀನರ್‌ಗಳಲ್ಲಿ ನೆಲೆ ಸಿಕ್ಕಿತು. ಎಚ್ಚರವಿರಲಿ, ಕಾಲಮ್‌ನ ಗಾತ್ರವನ್ನು ಹೆಚ್ಚಾಗಿ ನಿರ್ಧರಿಸುವುದು ಸಮಯವಲ್ಲ, ಗುಳ್ಳೆಗಳು ಹೊರಬಲ್ಲ ತೂಕ. ಕಣ ಸಣ್ಣದಾದಷ್ಟೂ ಆ ತೂಕ ಕುಗ್ಗುತ್ತದೆ. ಕ್ಲೀನರ್‌ಗೆ ಮೊದಲು ನೀವು ಮತ್ತೊಮ್ಮೆ ಅರೆಯುವುದಾದರೆ ಇದನ್ನು ಬಿಡಲೇಬೇಡಿ.

ಜೇಮ್ಸನ್ ಸೆಲ್ ಆಸ್ಟ್ರೇಲಿಯಾದ ಗ್ರೇಮ್ ಜೇಮ್ಸನ್ ಅವರ ಕೊಡುಗೆ. 1989ರಲ್ಲಿ ಮೌಂಟ್ ಐಸಾದಲ್ಲಿ ಬಳಕೆಗೆ ಬಂತು. ಪಂಪಿನಿಂದ ಬಂದ ಪಲ್ಪ್ ಧಾರೆಯಾಗಿ ಕೊಳವೆಯೊಳಗೆ ಧುಮುಕುತ್ತ ಗಾಳಿಯನ್ನು ತಾನೇ ಎಳೆದುಕೊಂಡು ಬಹಳ ಸಣ್ಣ ಗುಳ್ಳೆಗಳಾಗಿ ಒಡೆಯುತ್ತದೆ. ಕಣ ಮತ್ತು ಗುಳ್ಳೆಯ ಭೇಟಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಬೇಗ ತೇಲುವ ಶುದ್ಧ ಖನಿಜವನ್ನು ಕ್ಲೀನರ್‌ನ ಬಾಗಿಲಲ್ಲೇ ಎತ್ತಿಕೊಳ್ಳಲು ಇದಕ್ಕಿಂತ ಚೊಕ್ಕ ಸಾಧನ ನನಗೆ ಕಂಡಿಲ್ಲ. ನಿಧಾನವಾಗಿ ತೇಲುವ ಉಳಿಕೆಗೆ ಅದರ ಹಿಂದೆ ಯಾಂತ್ರಿಕ ಸೆಲ್‌ಗಳ ಸಣ್ಣ ಸಾಲು ಇರಲಿ. ಪಂಪಿನ ಒತ್ತಡ ಮಾತ್ರ ಸ್ಥಿರವಾಗಿರಬೇಕು.

ಇನ್ನೊಬ್ಬ ಸದಸ್ಯರು: ನಮ್ಮ ಶೇಷದಲ್ಲಿ ನಷ್ಟವಾಗುತ್ತಿರುವುದೆಲ್ಲ 200 ಮೈಕ್ರಾನ್‌ಗಿಂತ ದಪ್ಪ ಕಣಗಳಲ್ಲಿ. ಇಂಪೆಲ್ಲರ್ ವೇಗ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಹೆಚ್ಚಾಗುವ ಸಾಧ್ಯತೆ ನಷ್ಟಕ್ಕೇ ಇದೆ. ದಪ್ಪ ಕಣ ಗುಳ್ಳೆಗೆ ಅಂಟುತ್ತದೆ, ಆದರೆ ಕಲಕುವಿಕೆಯ ರಭಸಕ್ಕೆ ಕಳಚಿಕೊಳ್ಳುತ್ತದೆ. ಹತ್ತು ಮೈಕ್ರಾನ್‌ಗಿಂತ ಸಣ್ಣದರ ತೊಂದರೆ ಇದಕ್ಕೆ ತಿರುಗುಮುರುಗು: ಅದು ಗುಳ್ಳೆಯನ್ನು ಮುಟ್ಟುವುದೇ ಕಷ್ಟ, ಅಲ್ಲಿ ರಭಸ ನೆರವಾಗುತ್ತದೆ. ನಿಮ್ಮ ಶೇಷದ ದಪ್ಪ ಪಾಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಖನಿಜದ ಮೈ ಹೊರಗೆ ಕಾಣುತ್ತಿದ್ದರೆ, ನೀರು ಮೇಲ್ಮುಖವಾಗಿ ಹರಿದು ಕಣಗಳ ಹಾಸನ್ನು ಸಡಿಲವಾಗಿ ಎತ್ತಿಹಿಡಿಯುವ ಹೈಡ್ರೋಫ್ಲೋಟ್ ಬಗೆಯ ಸೆಲ್‌ನಲ್ಲಿ ಪರೀಕ್ಷಿಸಿ. ಖನಿಜ ಕಲ್ಲಿನೊಳಗೆ ಪೂರ್ತಿ ಹೂತುಹೋಗಿದ್ದರೆ ಯಾವ ಸೆಲ್ ತಂದರೂ ಪ್ರಯೋಜನವಿಲ್ಲ. ಗಿರಣಿಯ ಕಡೆ ನಡೆಯಿರಿ.

ಮೊದಲ ಪ್ರಶ್ನಿಗರು: ಖರೀದಿ ಆದೇಶಕ್ಕೆ ಮೊದಲು ಇನ್ನೂ ಯಾವ ಪರೀಕ್ಷೆ ಮಾಡಿಸಲಿ?

ಉತ್ತರ: ಒಂದೇ ಮಾದರಿಯ 6 ನಿಮಿಷ ನನಗೆ ಸಾಲದು. ಗಣಿಯ ಬೇರೆಬೇರೆ ಭಾಗಗಳ ಅದಿರಿನ ಮೇಲೆ, ನೊರೆಯನ್ನು ಅರ್ಧ, 1, 2, 4, 8, 16 ನಿಮಿಷಗಳಲ್ಲಿ ಪ್ರತ್ಯೇಕವಾಗಿ ಹಿಡಿದು ವಿಶ್ಲೇಷಿಸಿ. ಬಳಿಕ ಕ್ಲೀನರ್‌ನ ಉಳಿಕೆಯನ್ನು ಮತ್ತೆ ಮೊದಲ ಹಂತಕ್ಕೆ ಸೇರಿಸುತ್ತ ಆರು ಸುತ್ತು ನಡೆಸಿ. ನಾನು ಮೇಲೆ ಊಹಿಸಿಕೊಂಡ ಶೇ 20 ಸರಿಯೋ ಅಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ಸ್ಥಾವರದಲ್ಲಿ ಬಳಸುವ ನೀರಿನಲ್ಲೇ ಇದೆಲ್ಲ ನಡೆಯಲಿ. ಅತಿ ನಿಧಾನದ ಅದಿರಿಗೆ 8 ನಿಮಿಷ ಬೇಕಾಯಿತೆಂದರೆ, ಹಿಂತಿರುಗುವ ಹರಿವು ಅಷ್ಟೇ ಇದ್ದರೂ ಆರು ಸೆಲ್ ಏಳಾಗುತ್ತದೆ, ಮೀಸಲು ಬೇಕಿದ್ದರೆ ಎಂಟು. ಈಗಲೇ ಆ ಎರಡು ಸೆಲ್‌ಗಳಿಗೆ ಅಡಿಪಾಯದ ಜಾಗ ಬಿಟ್ಟಿರಿ.