‘ತೆಶುವಾ’, ‘ದ್ರಾಕ್ಷಾರಸ’: ಸೂಕ್ತ ಕನ್ನಡ ಪದಗಳು ಯಾವುವು?

ಮಾನ್ಯರೇ,

ಲಾಸ್ ಏಂಜಲೀಸ್‌ನಲ್ಲಿ 1987ರಲ್ಲಿ ಆರಂಭವಾದ ‘ಬೇತ್ ತೆಶುವಾ’ ಸಂಸ್ಥೆಯನ್ನು ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕುಡಿತ ಮತ್ತು ಮಾದಕವಸ್ತುಗಳ ಚಟಕ್ಕೆ ಸಿಕ್ಕವರು ತಂಗಿದ್ದು ಚಿಕಿತ್ಸೆ ಪಡೆಯುವ ಈ ಕೇಂದ್ರವು ಯೆಹೂದ್ಯರ ಪ್ರಾರ್ಥನಾ ಸಭೆಯೂ ಆಗಿರುವುದರಿಂದ, ಸಬ್ಬತ್ (ವಾರದ ವಿಶ್ರಾಂತಿ ದಿನ) ಪ್ರಾರ್ಥನೆಗೆ ಅಲ್ಲಿನ ನಿವಾಸಿಗಳೂ ಹೊರಗಿನ ಭಕ್ತರೂ ಒಟ್ಟಿಗೆ ಸೇರುತ್ತಾರೆ.

‘ತೆಶುವಾ’ ಎಂಬ ಹೀಬ್ರೂ ಪದವು ‘ತಿರುಗಿ ಬರು’ ಎಂಬರ್ಥದ ಧಾತುವಿನಿಂದ ಹುಟ್ಟಿದೆ. ಕನ್ನಡದಲ್ಲಿ ಅದನ್ನು ‘ಪಶ್ಚಾತ್ತಾಪ’ ಎಂದರೆ ಮನಸ್ಸಿನ ನೋವಷ್ಟೇ ಉಳಿಯುತ್ತದೆ. ‘ಪ್ರಾಯಶ್ಚಿತ್ತ’ ಎಂದರೆ ಒಮ್ಮೆ ಮಾಡಿ ಮುಗಿಸುವ ವಿಧಿಯೆನಿಸುತ್ತದೆ. 12ನೆಯ ಶತಮಾನದ ಯೆಹೂದಿ ಧರ್ಮಪಂಡಿತ ಮೈಮೊನಿಡೀಸ್ ಹೇಳುವಂತೆ, ಹಿಂದೆ ತಪ್ಪಿದ ಸಂದರ್ಭವೇ ಮತ್ತೆ ಎದುರಾಗಿ, ತಪ್ಪುವ ಶಕ್ತಿಯೂ ಇದ್ದು, ಆದರೂ ತಪ್ಪದೆ ನಿಂತಾಗ ತೆಶುವಾ ಪೂರ್ಣವಾಗುತ್ತದೆ. ಕುಡಿತ ಬಿಟ್ಟವನು ಮದುವೆಯೂಟದಲ್ಲಿ ಮುಂದೆ ಬಂದ ಲೋಟವನ್ನು ಸರಿಸುವುದು ಇದೇ ಅಲ್ಲವೇ? ಧಾತ್ವರ್ಥಕ್ಕೆ ‘ಮರಳುವಿಕೆ’ ಹೊಂದುತ್ತದೆಯಾದರೂ, ವ್ಯಸನದ ಮಾತಿನಲ್ಲಿ ‘ಮರಳಿದ’ ಎಂದರೆ ಮತ್ತೆ ಕುಡಿಯತೊಡಗಿದ ಎಂದೇ ನಮ್ಮವರು ತಿಳಿಯುತ್ತಾರೆ, ಅಂದರೆ ಅರ್ಥ ಪೂರಾ ತಿರುವುಮುರುವಾಗುತ್ತದೆ. ‘ದಾರಿಗೆ ಬಂದ’ ಎಂಬುದರಲ್ಲಿ ಬೈಗುಳದ ವಾಸನೆಯಿದೆ. ನಮ್ಮ ಶಿಬಿರಗಳ ‘ಮದ್ಯವರ್ಜನ’ವು ಬಿಡುವುದನ್ನು ಮಾತ್ರ ಹೇಳುತ್ತದೆ. ಸದ್ಯಕ್ಕೆ ‘ತೆಶುವಾ’ವನ್ನೇ ಉಳಿಸಿಕೊಂಡು, ಮೊದಲ ಸಲ ಬಂದಲ್ಲಿ ‘ತನ್ನತನಕ್ಕೂ ದೇವರ ಕಡೆಗೂ ತಿರುಗಿ ಬರುವುದು’ ಎಂದು ವಿವರಿಸಿದ್ದೇನೆ.

ಇದಕ್ಕಿಂತ ತೊಡಕಿನದು ಎರಡನೆಯ ಪದ, ‘ದ್ರಾಕ್ಷಾರಸ’. ಸಬ್ಬತ್ತಿನ ಕಿದ್ದುಷ್ ಪ್ರಾರ್ಥನೆಯನ್ನು ವೈನಿನ ಬಟ್ಟಲು ಹಿಡಿದು ಹೇಳುವುದು ವಾಡಿಕೆ. ಪಸ್ಕ ಹಬ್ಬದ ಸೆದೆರ್ ಊಟದಲ್ಲಂತೂ ನಾಲ್ಕು ಬಟ್ಟಲು ಕುಡಿಯಬೇಕು. ದ್ರಾಕ್ಷಿ ಗೊಂಚಲನ್ನು ಹಿಂಡಿ ಆ ರಸದ ಮೇಲೆಯೇ ಕಿದ್ದುಷ್ ಹೇಳಬಹುದೆಂಬ ಮಾತು ಯೆಹೂದ್ಯರ ಪ್ರಾಚೀನ ಧರ್ಮಗ್ರಂಥವಾದ ತಾಲ್ಮೂದಿನಲ್ಲೇ ಇರುವುದರಿಂದ, ಕುಡಿತ ಬಿಟ್ಟವರಿಗಾಗಿ ಸಭೆಗಳು ವೈನಿನ ಬದಲು ಅಂಥ ರಸವನ್ನಿಡಲು ಶಾಸ್ತ್ರದ ಅಡ್ಡಿಯಿಲ್ಲ. ಆದರೆ ಕನ್ನಡ ಬೈಬಲಿನಲ್ಲಿ ‘ದ್ರಾಕ್ಷಾರಸ’ ಎಂದರೆ ವೈನ್! ‘ಮದ್ಯದ ಬದಲು ದ್ರಾಕ್ಷಾರಸ ಕೊಡುತ್ತಾರೆ’ ಎಂದು ನಾನು ಬರೆದರೆ, ಕ್ರೈಸ್ತ ಓದುಗರಿಗೆ ಅದು ನಗೆಪಾಟಲಾಗಿ ಕಂಡೀತು. ‘ಹುದುಗಿಸದ ದ್ರಾಕ್ಷಿ ರಸ’ ಎನ್ನಬಹುದು, ಆದರೆ ಅದು ಪಾಠಪುಸ್ತಕದ ಮಾತಿನಂತಿದೆ. ಮನೆಯಲ್ಲೇ ವೈನ್ ಮಾಡುವ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಾಗಲಿ ವಿಜಯಪುರದ ದ್ರಾಕ್ಷಿ ಬೆಳೆಗಾರರಲ್ಲಾಗಲಿ, ಹುಳಿ ಬರುವ ಮೊದಲಿನ ರಸಕ್ಕೆ ಬೇರೆ ಹೆಸರು ಬಳಕೆಯಲ್ಲಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.